ಉಯೆನೊ ಚೆಂಡನ್ನು ಗೋಟೊ ಕೈಗೆ ಬಿಟ್ಟ ರಾತ್ರಿ

ಜಪಾನಿನ ಮಹಿಳಾ ಸಾಫ್ಟ್‌ಬಾಲ್ ತಂಡದ ಬಗ್ಗೆ ಯಾರಾದರೂ ಕೇಳಿದರೆ ನಾನು 413ರಿಂದ ಶುರು ಮಾಡುತ್ತೇನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪಿಚರ್ ಯುಕಿಕೊ ಉಯೆನೊ ಎರಡೇ ದಿನದಲ್ಲಿ ಎಸೆದ ಚೆಂಡುಗಳ ಲೆಕ್ಕ ಅದು. ಆಗಸ್ಟ್ 20ರಂದು ಮೊದಲು ಅಮೆರಿಕದ ಎದುರು ಸೆಮಿಫೈನಲ್. ಸಾಮಾನ್ಯವಾಗಿ ಏಳೇ ಇನಿಂಗ್ಸ್, ಇಲ್ಲಿ ಒಂಬತ್ತು ಆಡಿ 4-1ರಿಂದ ಸೋತರು. ಆಗಿನ ನಿಯಮದಲ್ಲಿ ಆ ಪಂದ್ಯ ಸೋತವರಿಗೆ ಇನ್ನೊಂದು ಅವಕಾಶ ಇತ್ತು. ಅದೇ ದಿನ ಆಸ್ಟ್ರೇಲಿಯಾ ಎದುರು ಮತ್ತೆ ಮೈದಾನಕ್ಕಿಳಿದರು. ಅದು ಹನ್ನೆರಡು ಇನಿಂಗ್ಸ್‌ಗೆ ಎಳೆಯಿತು, 4-3ರಲ್ಲಿ ಗೆದ್ದರು. ಎರಡೂ ಪಂದ್ಯಗಳಲ್ಲಿ ಎಸೆದವರು ಉಯೆನೊ ಒಬ್ಬರೇ. ಒಟ್ಟು 318 ಚೆಂಡು. ಮರುದಿನ ಫೈನಲ್‌ನಲ್ಲಿ ಮತ್ತೆ ಅಮೆರಿಕ, ಮತ್ತೆ ಉಯೆನೊ, ಇನ್ನೂ 95 ಚೆಂಡು. ಜಪಾನ್ 3-1ರಿಂದ ಗೆದ್ದಿತು. ಒಲಿಂಪಿಕ್ಸ್‌ನಲ್ಲಿ ಅಮೆರಿಕ ಅಲ್ಲಿಯವರೆಗೆ ಸತತವಾಗಿ 22 ಪಂದ್ಯ ಗೆದ್ದಿತ್ತು.

ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಕಾಲೇಜು ತಂಡದ ಕ್ಯಾಚರ್. ಪಿಚರ್ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವಳಿಗೆ ಆ ಸಂಖ್ಯೆ ಓದಿದ ತಕ್ಷಣ ಮೈಯಲ್ಲಿ ಗೊತ್ತಾಗುತ್ತದೆ. ಸಾಫ್ಟ್‌ಬಾಲ್ ಅಂತ ಹೆಸರಿದೆ ಅಷ್ಟೇ, ಚೆಂಡೇನೂ ಮೆತ್ತಗಿರೋದಿಲ್ಲ. ಗ್ಲೌಸ್ ಇದ್ದರೂ ಎಡಗೈ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತದೆ. ಎರಡು ಪಂದ್ಯ ಆದ ದಿನ ಸಂಜೆ ಹಾಸ್ಟೆಲ್‌ನಲ್ಲಿ ಊಟಕ್ಕೆ ಕೂತರೆ ಎಡಗೈಯಲ್ಲಿ ಲೋಟ ಹಿಡಿಯೋಕೆ ಆಗುತ್ತಿರಲಿಲ್ಲ. ಪಿಚರ್ ಪಾಡು ಇನ್ನೂ ಬೇರೆ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಬಿಡುವ ಗಳಿಗೆಯಲ್ಲಿ ಮುಂಗೈ ಸೊಂಟಕ್ಕೆ ಉಜ್ಜುತ್ತದೆ. ನಮ್ಮ ಪಿಚರ್ ಗೆಳತಿಗೆ ಸೀಸನ್ ಉದ್ದಕ್ಕೂ ಬಲ ಮುಂಗೈಯಲ್ಲಿ ನೀಲಿ ಕಲೆ ಇರುತ್ತಿತ್ತು. ಅವಳು ಬೀಜಿಂಗ್ ಸುದ್ದಿ ಕೇಳಿ ಒಂದೇ ಮಾತು ಹೇಳಿದಳು: "ಇನ್ನೊಬ್ಬಳು ಪಿಚರ್ ಇರಲಿಲ್ವೇನೇ ಅವ್ರಿಗೆ?"

ಇದ್ದರು. ಆದರೆ ಅಂಥ ಪಂದ್ಯದಲ್ಲಿ ನಂಬಿ ಚೆಂಡು ಕೊಡುವಂಥವರು ಇರಲಿಲ್ಲ. ಆ ಚಿನ್ನವನ್ನು ಜಪಾನ್ ಎಷ್ಟು ಮೆರೆಸಿದರೂ ಗೆಳತಿಯ ಪ್ರಶ್ನೆ ನನ್ನ ತಲೆಯಲ್ಲಿ ಉಳಿದೇಬಿಟ್ಟಿತು.

ಬೀಜಿಂಗ್ ಆದಮೇಲೆ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲೇ ಇರಲಿಲ್ಲ. ಬೇಸ್‌ಬಾಲ್ ಜೊತೆ ಸಾಫ್ಟ್‌ಬಾಲನ್ನೂ 2012ರಿಂದ ಕೈಬಿಡುವ ತೀರ್ಮಾನ 2005ರಲ್ಲಿ ಸಿಂಗಪುರದ ಸಭೆಯಲ್ಲೇ ಆಗಿತ್ತು. ಲಂಡನ್‌ನಲ್ಲಿ ಇಲ್ಲ, ರಿಯೊದಲ್ಲಿ ಇಲ್ಲ. ಟೋಕಿಯೊ ಆತಿಥ್ಯ ವಹಿಸಿದ್ದರಿಂದ ಮತ್ತೆ ಬಂತು. ಅದೂ ಕೊರೊನಾದಿಂದ ಒಂದು ವರ್ಷ ಮುಂದಕ್ಕೆ ಹೋಗಿ 2021ರಲ್ಲಿ ನಡೆಯಿತು. ಅಷ್ಟರಲ್ಲಿ ನಾನು ಕೆಲಸದ ಮೇಲೆ ಯೊಕೊಹಾಮಾಗೆ ಬಂದಿದ್ದೆ. ಫೈನಲ್ ನಡೆಯುವ ಯೊಕೊಹಾಮಾ ಸ್ಟೇಡಿಯಂ ಇರೋದು ಕನ್ನಾಯ್ ಸ್ಟೇಷನ್ ಎದುರಿಗೇ. ನಾನು ದಿನಾ ಇಳಿಯುತ್ತಿದ್ದ ಸ್ಟೇಷನ್ ಅದು. ಟಿಕೆಟ್ ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ ಅಂತ ಹೇಳಿಬಿಟ್ಟರು.

ಜುಲೈ 27, ಮಂಗಳವಾರ. ರಾತ್ರಿ ಎಂಟಕ್ಕೆ ಜಪಾನ್-ಅಮೆರಿಕ ಫೈನಲ್. ಸಂಜೆ ಕೆಲಸ ಮುಗಿಸಿ ಬರುವಾಗ ಸ್ಟೇಡಿಯಂ ಸುತ್ತ ಹಾಕಿದ್ದ ಬೇಲಿಯ ಪಕ್ಕದಲ್ಲೇ ನಡೆದು ಬಂದೆ. ಒಳಗೆ ದೀಪ ಹತ್ತಿಸಿದ್ದರು. ಹೊರಗೆ ಜನ ನಿಲ್ಲಬಾರದು ಅಂತ ಕಾವಲಿನವರು ನಯವಾಗಿ ಕೈ ತೋರಿಸುತ್ತಿದ್ದರು. ಎರಡು ರಸ್ತೆ ಆಚೆ ನನ್ನ ಮನೆ. ಅಷ್ಟು ಹತ್ತಿರವಿದ್ದೂ ಟೀವಿಯಲ್ಲೇ ನೋಡಬೇಕಲ್ಲ ಅಂತ ತುಂಬಾ ಬೇಜಾರಾಯಿತು.

ಪಕ್ಕದ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು ಒಬ್ಬರೇ ಇದ್ದರು. ಶಾಲೆಯ ದಿನಗಳಲ್ಲಿ ಸಾಫ್ಟ್‌ಬಾಲ್ ಆಡಿದವರು. ಇಲ್ಲಿ ಹೆಣ್ಣುಮಕ್ಕಳ ಶಾಲಾ ಕ್ಲಬ್‌ಗಳಲ್ಲಿ ಈ ಆಟ ನಮ್ಮಲ್ಲಿ ಥ್ರೋಬಾಲ್ ಇದ್ದಷ್ಟೇ ಸಾಮಾನ್ಯ. ನಾನು ಕ್ಯಾಚರ್ ಆಗಿದ್ದವಳು ಅಂತ ಗೊತ್ತಾದ ದಿನದಿಂದ ಅವರಿಗೆ ನನ್ನ ಮೇಲೆ ಅಕ್ಕರೆ ಜಾಸ್ತಿ ಆಗಿತ್ತು. ಆ ರಾತ್ರಿ ಕಿಟಕಿ ಎಲ್ಲ ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು ಇಬ್ಬರೂ ಒಟ್ಟಿಗೆ ನೋಡಿದೆವು.

ಪಂದ್ಯ ಶುರುವಾಗುವ ಮೊದಲು ಅವರು ಮಾತಾಡಿದ್ದು ಬೀಜಿಂಗ್ ಬಗ್ಗೆ ಅಲ್ಲ, ಸಿಡ್ನಿ ಬಗ್ಗೆ. 2000ದಲ್ಲಿ ಜಪಾನ್ ಲೀಗ್ ಹಂತದಲ್ಲಿ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿತ್ತು. ಅಮೆರಿಕವನ್ನೂ ಸೋಲಿಸಿತ್ತು. ಫೈನಲ್‌ನಲ್ಲಿ ರೇಯ್ಕಾ ಉತ್ಸುಗಿ ಹೋಮ್ ರನ್ ಹೊಡೆದು, ಅಂದರೆ ಚೆಂಡನ್ನು ಬೇಲಿ ದಾಟಿಸಿ, ಮುನ್ನಡೆ ಕೊಟ್ಟರು. ಆಮೇಲೆ ಸಮ ಆಯಿತು. ಎಂಟನೇ ಇನಿಂಗ್ಸ್‌ನಲ್ಲಿ ಮಳೆಯಲ್ಲಿ ಲೆಫ್ಟ್ ಫೀಲ್ಡರ್ ಹಿಂದಕ್ಕೆ ಓಡಿ ಹಿಡಿಯಹೋದ ಚೆಂಡು ಗ್ಲೌಸ್‌ನಿಂದ ಜಾರಿತು. 2-1. ಬೆಳ್ಳಿ. "ಆ ಹುಡುಗಿ ಬಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಅಂದರು ಪಕ್ಕದ ಮನೆಯವರು. ನಾಲ್ಕು ವರ್ಷದ ಮೇಲೆ ಅಥೆನ್ಸ್‌ನಲ್ಲಿ ಕಂಚು. ಅಲ್ಲಿ ಅಮೆರಿಕ ಇಡೀ ಟೂರ್ನಿಯಲ್ಲಿ 51 ರನ್ ಗಳಿಸಿ ಬಿಟ್ಟುಕೊಟ್ಟದ್ದು ಒಂದೇ ರನ್. ಅಂಥ ತಂಡದ ಎದುರು ನಿಲ್ಲೋದು ಅಂದ್ರೆ ಸುಮ್ನೆ ಅಲ್ಲ.

ಸಿಡ್ನಿಯಲ್ಲಿ ಹೋಮ್ ರನ್ ಹೊಡೆದ ರೇಯ್ಕಾ ಉತ್ಸುಗಿ ಟೋಕಿಯೊದಲ್ಲಿ ತಂಡದ ಮುಖ್ಯ ಕೋಚ್ ಆಗಿದ್ದರು. ಚೀನಾದಲ್ಲಿ ಹುಟ್ಟಿ, ಜಪಾನಿಗೆ ಬಂದು ಇಲ್ಲಿಯ ಪೌರತ್ವ ಪಡೆದವರು. ತಕಾಸಾಕಿಯ ಕಂಪನಿ ತಂಡದಲ್ಲಿ ಉಯೆನೊ ಅವರನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವರು. ಉಯೆನೊಗೆ ಆ ವಾರವಷ್ಟೇ 39 ತುಂಬಿತ್ತು. 2019ರಲ್ಲಿ ಲೀಗ್ ಪಂದ್ಯವೊಂದರಲ್ಲಿ ಬ್ಯಾಟಿನಿಂದ ಬಂದ ಚೆಂಡು ಮುಖಕ್ಕೆ ಬಡಿದು ದವಡೆ ಮುರಿದಿತ್ತು. ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟ್ ಬೀಸುವವರ ಪಕ್ಕದ ಹೋಮ್ ಪ್ಲೇಟ್‌ಗೂ 43 ಅಡಿ. ಎಸೆದು ಮುಗಿಸುವಾಗ ಒಂದು ಹೆಜ್ಜೆ ಮುಂದೆ ಬಂದಿರುತ್ತಾರೆ, ಹಾಗಾಗಿ ಅಷ್ಟೂ ದೂರ ಸಿಗೋದಿಲ್ಲ. ಮುಖ ತಿರುಗಿಸೋಕೂ ಸಮಯ ಇರೋದಿಲ್ಲ. ಅದಾದಮೇಲೂ ಅದೇ ಜಾಗದಲ್ಲಿ ನಿಂತು ಎಸೆಯೋಕೆ ಎಂಥ ಗುಂಡಿಗೆ ಬೇಕು!

ಟೀವಿಯಲ್ಲಿ ಉಯೆನೊ ಮುಖ ಹತ್ತಿರದಿಂದ ತೋರಿಸಿದರು. ಸಮಾಧಾನವಾಗಿದ್ದರು. ನಾನು ನೋಡುತ್ತಿದ್ದದ್ದು ಅವರ ಬಲಗೈ. ಪ್ರತಿ ಸಲ ಎಸೆಯುವ ಮೊದಲು ಗ್ಲೌಸ್ ಒಳಗೆ ಚೆಂಡಿನ ಹೊಲಿಗೆಗೆ ಬೆರಳು ಕೂರಿಸಿಕೊಳ್ಳುವಾಗ ಮೊಣಕೈ ಒಂಚೂರೂ ಅಲ್ಲಾಡುತ್ತಿರಲಿಲ್ಲ. ಏನು ಎಸೆಯುತ್ತಾರೆ ಅಂತ ಎದುರಾಳಿಗೆ ಗೊತ್ತಾಗೋದು ಅಲ್ಲೇ. ಮೇಲೇಳುವ ಚೆಂಡಿಗೂ ಕೆಳಗಿಳಿಯುವ ಚೆಂಡಿಗೂ ಹಿಡಿತ ಬೇರೆ ಬೇರೆ. ಹಿಡಿತ ಬದಲಾಯಿಸುವಾಗ ಎಷ್ಟೋ ಪಿಚರ್‌ಗಳ ಮೊಣಕೈ ಚೂರು ಏಳುತ್ತದೆ. ಇವರದ್ದು ಏಳಲೇ ಇಲ್ಲ.

ನಾಲ್ಕನೇ ಇನಿಂಗ್ಸ್‌ನಲ್ಲಿ ಮಾನಾ ಅತ್ಸುಮಿ ಹೊಡೆದ ಚೆಂಡು ಇನ್‌ಫೀಲ್ಡ್, ಅಂದರೆ ಬೇಸ್‌ಗಳ ನಡುವಿನ ಜಾಗ, ದಾಟಲಿಲ್ಲ. ಆದರೂ ಅವರು ಓಡಿ ಬೇಸ್ ಮುಟ್ಟಿದರು, ಒಂದು ರನ್ ಬಂತು. ಐದರಲ್ಲಿ ಯಮಾಟೊ ಫುಜಿತಾ ಹೊಡೆತಕ್ಕೆ ಇನ್ನೊಂದು. ಆಗ ಎದುರಿಗೆ ಎಸೆಯುತ್ತಿದ್ದವರು ಮೋನಿಕಾ ಅಬಾಟ್. ಜಪಾನ್ ಲೀಗ್‌ನಲ್ಲಿ ಟೊಯೋಟಾ ತಂಡಕ್ಕೆ ವರ್ಷಗಟ್ಟಲೆ ಆಡಿದ ಅಮೆರಿಕನ್. ಇವರ ಆಟ ಅವರಿಗೆ, ಅವರ ಆಟ ಇವರಿಗೆ ಚೆನ್ನಾಗಿ ಗೊತ್ತು. 2-0.

ಆರನೇ ಇನಿಂಗ್ಸ್‌ನಲ್ಲಿ ಉಯೆನೊ ಚೆಂಡು ಬಿಟ್ಟುಕೊಟ್ಟರು. ಒಳಗೆ ಬಂದದ್ದು ಮಿಯು ಗೋಟೊ, ಇಪ್ಪತ್ತು ವರ್ಷದ ಎಡಗೈ ಪಿಚರ್. ಹಿಂದಿನ ವಾರ ಮೆಕ್ಸಿಕೊ ಎದುರಿನ ಬಿಗಿ ಪಂದ್ಯದಲ್ಲೂ ಹೀಗೇ ಕೊನೆಯಲ್ಲಿ ಬಂದು ಉಳಿಸಿದ್ದರು. ಒಲಿಂಪಿಕ್ಸ್ ಫೈನಲ್, ಎದುರಿಗೆ ಅಮೆರಿಕ, ಎರಡೇ ರನ್ ಮುನ್ನಡೆ. ಅಂಥ ಹೊತ್ತಲ್ಲಿ ಉಯೆನೊ ಕೈಯಿಂದ ಚೆಂಡು ಬೇರೆಯವರ ಕೈಗೆ ಹೋಯಿತು. ನನಗೆ ಗಂಟಲು ಕಟ್ಟಿದ್ದು ಆಗ. ಪದಕ ಇನ್ನೂ ಬಂದಿರಲಿಲ್ಲ, ಸೋತರೂ ಸೋಲಬಹುದಿತ್ತು. ಆದರೆ ಮೈಸೂರಿನ ಆ ಪ್ರಶ್ನೆಗೆ ಉತ್ತರ ನಡೆದು ಬಂದು ಮೈದಾನದ ನಡುವೆ ನಿಂತಿತ್ತು.

ಆಮೇಲೆ ಆದದ್ದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಒಂದು ಔಟ್ ಆಗಿತ್ತು. ಎರಡನೇ ಬೇಸ್‌ನಲ್ಲಿ ಅಮೆರಿಕದ ಆಟಗಾರ್ತಿ ಓಡಲು ಸಿದ್ಧ. ಅಮಾಂಡಾ ಚಿಡೆಸ್ಟರ್ ಬೀಸಿದ ಚೆಂಡು ನೇರವಾಗಿ ಮೂರನೇ ಬೇಸ್‌ನಲ್ಲಿದ್ದ ಯು ಯಮಾಮೊಟೊ ಕಡೆ ನುಗ್ಗಿತು. ಅವರ ಕೈಗೆ ಬಡಿದು ಚಿಮ್ಮಿತು. ಪಕ್ಕದ ಮನೆಯವರು "ಅಯ್ಯೋ" ಅನ್ನುವ ಥರ ಒಂದು ಸದ್ದು ಮಾಡಿದರು. ಚೆಂಡು ನೆಲ ಮುಟ್ಟುವ ಮೊದಲೇ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅತ್ಸುಮಿ ಅದನ್ನು ಹಿಡಿದು, ಎರಡನೇ ಬೇಸ್‌ಗೆ ಎಸೆದೇಬಿಟ್ಟರು. ಕ್ಯಾಚ್ ಆದರೆ ಓಡಿದವರು ತಮ್ಮ ಬೇಸ್‌ಗೆ ಮರಳಬೇಕು; ಬೇಸ್ ಬಿಟ್ಟು ಮುಂದೆ ಹೋಗಿದ್ದ ಆಟಗಾರ್ತಿ ವಾಪಸ್ ಬರುವಷ್ಟರಲ್ಲಿ ಔಟ್. ಒಂದೇ ಚೆಂಡಿಗೆ ಎರಡು ಔಟ್, ಒಟ್ಟು ಮೂರಾಗಿ ಅಮೆರಿಕದ ಸರದಿ ಮುಗಿಯಿತು.

ಸಾಫ್ಟ್‌ಬಾಲ್‌ನಲ್ಲಿ ಮೊದಲಿಂದ ಆಡಿದವರು ಹೊರಗೆ ಹೋದರೂ ಒಂದು ಸಲ ಮತ್ತೆ ಒಳಗೆ ಬರಬಹುದು. ಏಳನೇ ಇನಿಂಗ್ಸ್‌ಗೆ ಉಯೆನೊ ಮತ್ತೆ ಬಂದರು. ಕೊನೆಯ ಚೆಂಡು ಬ್ಯಾಟಿಗೆ ತಾಗಿ ಮೇಲೆ ಹಾರಿ, ಕ್ಯಾಚರ್ ಹಾರುಕಾ ಅಗಾತ್ಸುಮಾ ಕೈಗೆ ಬಂತು. ಕ್ಯಾಚರ್ ಕೈಯಲ್ಲೇ ಪಂದ್ಯ ಮುಗಿದದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಕ್ಯಾಚರ್‌ಗಳಿಗೇ ಗೊತ್ತು. ಪಕ್ಕದ ಮನೆಯವರು ಎದ್ದು ನಿಂತು, ಮಾಸ್ಕ್ ಒಳಗೇ ಅಳುತ್ತಾ, ಟೀವಿಗೆ ಬಾಗಿ ನಮಸ್ಕಾರ ಮಾಡಿದರು.

ಹದಿಮೂರು ವರ್ಷದಲ್ಲಿ ಈ ತಂಡ ಸುಮ್ಮನೆ ಕೂತಿರಲಿಲ್ಲ. ಒಲಿಂಪಿಕ್ಸ್ ಇಲ್ಲದ ಕಾಲದಲ್ಲೇ 2012ರಲ್ಲಿ ಕೆನಡಾದ ವೈಟ್‌ಹಾರ್ಸ್‌ನಲ್ಲಿ, 2014ರಲ್ಲಿ ನೆದರ್ಲೆಂಡ್ಸ್‌ನ ಹಾರ್ಲೆಮ್‌ನಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. ಎರಡೂ ಸಲ ಫೈನಲ್‌ನಲ್ಲಿ ಸೋತದ್ದು ಅಮೆರಿಕ. 2018ರಲ್ಲಿ ಇಲ್ಲೇ ಚಿಬಾದಲ್ಲಿ ಅಮೆರಿಕ ಹತ್ತು ಇನಿಂಗ್ಸ್‌ನ ಫೈನಲ್ ಗೆದ್ದು ಲೆಕ್ಕ ತೀರಿಸಿತು. ಏಷ್ಯನ್ ಗೇಮ್ಸ್‌ನಲ್ಲಂತೂ 2002ರಿಂದ ಚಿನ್ನ ಬೇರೆಯವರಿಗೆ ಹೋಗಿಲ್ಲ. ಇವೆಲ್ಲ ಪತ್ರಿಕೆಗಳ ಮೂಲೆಯಲ್ಲಿ ಬಂದು ಹೋದವು. ಒಲಿಂಪಿಕ್ಸ್ ಇದ್ದಾಗ ಮಾತ್ರ ಜನ ನೋಡುತ್ತಾರೆ ಅನ್ನೋದು ನನಗೆ ನೋವಿನ ವಿಷಯ. ಪ್ಯಾರಿಸ್‌ನಲ್ಲಿ ಮತ್ತೆ ಕೈಬಿಟ್ಟರು. 2028ರ ಲಾಸ್ ಏಂಜಲೀಸ್‌ಗೆ ಮತ್ತೆ ಸೇರಿಸಿದ್ದಾರೆ. ಬೇಕಾದಾಗ ಕರೆದು, ಬೇಡವಾದಾಗ ಕಳಿಸಿದರೆ ಇವತ್ತು ಶಾಲೆಯಲ್ಲಿ ತೋಳು ತಿರುಗಿಸೋದು ಕಲಿಯುತ್ತಿರುವ ಹುಡುಗಿ ಯಾವ ವರ್ಷಕ್ಕೆ ಅಂತ ತಯಾರಾಗಬೇಕು?

ಆ ರಾತ್ರಿಯೇ ಹಳೇ ಕಾಲೇಜು ತಂಡದ ವಾಟ್ಸಾಪ್ ಗುಂಪಿಗೆ ಬರೆದೆ. ಎಲ್ಲರೂ ಎದ್ದಿದ್ದರು. ಆರನೇ ಇನಿಂಗ್ಸ್‌ನ ಕ್ಯಾಚ್ ಬಗ್ಗೆ ಜಗಳವೇ ಶುರುವಾಯಿತು. ಚೆಂಡು ಕೈಗೆ ಬಡಿದು ಅಲ್ಲಿಗೇ ಚಿಮ್ಮಿದ್ದು ಬರೀ ಅದೃಷ್ಟ ಅಂತ ಒಬ್ಬಳು ಬರೆದಳು. ನಮ್ಮ ಶಾರ್ಟ್‌ಸ್ಟಾಪ್ ಆಗಿದ್ದವಳು ಈಗ ಹಾಸನದಲ್ಲಿ ಪಿಇ ಟೀಚರ್. ಅವಳು ಬರೆಯಲಿಲ್ಲ, ವಾಯ್ಸ್ ಮೆಸೇಜ್ ಕಳಿಸಿದಳು: "ಏ ಹೋಗ್ರೇ, ಅದೃಷ್ಟ ಅಂತೆ. ವಿಡಿಯೋನ ಇನ್ನೊಂದ್ಸಲ ನೋಡಿ. ಬ್ಯಾಟ್‌ಗೆ ಚೆಂಡು ತಾಗಿದ ತಕ್ಷಣ ಅತ್ಸುಮಿ ಮೂರನೇ ಬೇಸ್ ಹಿಂದಕ್ಕೆ ಹೊರಟಿದ್ದಾಳೆ. ಅದನ್ನ ದಿನಾ ಪ್ರಾಕ್ಟೀಸ್ ಮಾಡಿರ್ತಾರೆ. ನಾಳೆ ನಮ್ಮ ಹುಡುಗೀರಿಗೆ ಇದನ್ನೇ ಕಳಿಸ್ತೀನಿ, ಸ್ಕೂಲ್ ತೆಗೆದ ಮೇಲೆ ಮೊದಲು ಇದೇ ಡ್ರಿಲ್."