ಗೋಟು ಇಪ್ಪತ್ತು

1995ರ ಜೂನ್‌ನಲ್ಲಿ ನಾವು ಎಂಟನೇ ಕ್ಲಾಸಿಗೆ ಬಂದಾಗ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದ್ದದ್ದು ಎರಡು, ನಡೆಯುತ್ತಿದ್ದದ್ದು ಒಂದೂವರೆ. ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ತಮ್ಮ ಆಫೀಸಿನಲ್ಲಿ ಬೇಡವಾದ ಎರಡನ್ನು ಬಸ್ಸಿನ ಟಾಪಿಗೆ ಹಾಕಿಸಿ ಸಾಗರಕ್ಕೆ ಕಳಿಸಿದ್ದರಂತೆ. ಬರುವ ದಾರಿಯಲ್ಲೋ, ಇಳಿಸುವ ಗಡಿಬಿಡಿಯಲ್ಲೋ ಒಂದರ ಕೀಬೋರ್ಡಿನಿಂದ ಇಂಗ್ಲಿಷಿನ ಇ (E) ಅಕ್ಷರದ ಕೀ ಕಿತ್ತುಹೋಗಿತ್ತು. ಅದೇ ನಮ್ಮ ಅರ್ಧ ಕಂಪ್ಯೂಟರ್.

ಸರಿ ಇದ್ದದ್ದು ಹುಡುಗರಿಗೆ, ಇ ಇಲ್ಲದ್ದು ಹುಡುಗಿಯರಿಗೆ. ಹೀಗೆ ಅಂತ ಯಾರೂ ಹೇಳಿರಲಿಲ್ಲ. ಮೊದಲ ದಿನ ಹುಡುಗರು ಓಡಿಹೋಗಿ ಒಳ್ಳೆಯದರ ಮುಂದೆ ಕೂತರು, ಆಮೇಲೆ ಅದೇ ಪದ್ಧತಿ ಆಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ವಾರಕ್ಕೊಂದು ಪೀರಿಯಡ್, ಒಬ್ಬೊಬ್ಬರಿಗೆ ಐದು ನಿಮಿಷ. ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯಬಾರದು ಅಂತ ಬೀರುವಿನೊಳಗೆ ಒಂದು ಬಲ್ಬ್ ಉರಿಯುತ್ತಿತ್ತು. ಕರೆಂಟ್ ಇದ್ದರೆ.

ಪಾಠ ಮಾಡುತ್ತಿದ್ದವರು ಗಣಿತದ ಮೇಷ್ಟ್ರು. ನೋಟ್ಸಿನಲ್ಲಿ ಎಲ್ಲರೂ ಬರೆದುಕೊಂಡದ್ದನ್ನೇ ನಾವೂ ಬರೆದುಕೊಂಡೆವು: ಕಂಪ್ಯೂಟರಿನ ಪಿತಾಮಹ ಚಾರ್ಲ್ಸ್ ಬ್ಯಾಬೇಜ್, 1946ರ ಎನಿಯಾಕ್ ಕಂಪ್ಯೂಟರಿನಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳು, ಐದು ತಲೆಮಾರುಗಳು, ಬೇಸಿಕ್ ಮತ್ತು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಗಳ ಫುಲ್ ಫಾರ್ಮ್. ಇದರಿಂದ ಇವತ್ತಿನವರೆಗೆ ನನಗೆ ಏನೂ ಉಪಯೋಗವಾಗಿಲ್ಲ. ಆದರೂ ಆ ಹದಿನೆಂಟು ಸಾವಿರ ಮಾತ್ರ ಮರೆಯುತ್ತಿಲ್ಲ, ಏನು ಮಾಡೋದು.

ನಿಜವಾದ ಪಾಠ ಶುರುವಾದದ್ದು ಒಂದು ಜಗಳದಿಂದ. ಅವತ್ತು ಬೆಳಿಗ್ಗೆ ಬೀಜಗಣಿತದಲ್ಲಿ ಮೇಷ್ಟ್ರು, ಎಕ್ಸ್ ಈಕ್ವಲ್ ಟು ಎಕ್ಸ್ ಪ್ಲಸ್ ಒಂದು ಅಂತ ಬಂದರೆ ಲೆಕ್ಕ ಎಲ್ಲೋ ತಪ್ಪಿದೆ ಅಂತಲೇ ಅರ್ಥ, ಸೊನ್ನೆಗೆ ಒಂದು ಸಮ ಆಗೋದುಂಟಾ ಅಂದಿದ್ದರು. ಮಧ್ಯಾಹ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಅದೇ ಕೈಯಿಂದ, ಅದೇ ಸುಣ್ಣದ ಕಡ್ಡಿಯಿಂದ ಅದನ್ನೇ ಬರೆದರು. ಹಿಂದಿನ ಬೆಂಚಿನ ಗೆಳತಿ ಎದ್ದು ನಿಂತು, "ಸರ್, ಬೆಳಿಗ್ಗೆ ನೀವೇ ತಪ್ಪು ಅಂದ್ರಿ" ಅಂದಳು. ಮೇಷ್ಟ್ರಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆವು. ಅವರು ಕೇಳಿದ್ದು ಬೇರೆ. "ನಿಮ್ಮನೇಲಿ ಅಡಿಕೆ ಸುಲಿಯೋವಾಗ ಡಬ್ಬದ ಲೆಕ್ಕ ಹೇಗೆ ಇಡ್ತಾರೆ?"

ಅದು ನಮಗೆಲ್ಲ ಗೊತ್ತಿತ್ತು. ರಾತ್ರಿ ಅಡಿಕೆ ಸುಲಿಯಲು ಬಂದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ನಮ್ಮಜ್ಜಿ ಒಬ್ಬೊಬ್ಬರ ಹೆಸರಿನ ಮುಂದೆ ಸ್ಲೇಟಿನಲ್ಲಿ ಅಂಕಿ ಬರೆದಿಡುತ್ತಿದ್ದಳು. ಇನ್ನೊಂದು ಡಬ್ಬ ತುಂಬಿದರೆ ಸ್ಲೇಟಿನ ಆರನ್ನು ನೋಡಿ, ಒಂದು ಕೂಡಿಸಿ, ಆರನ್ನು ಒರೆಸಿ ಏಳು ಬರೆಯುವುದು. "ಹಾಂ, ಅಷ್ಟೇ. ಬಲಗಡೆ ಇರೋದು ಸ್ಲೇಟಲ್ಲಿ ಈಗ ಇರೋ ಅಂಕಿ. ಎಡಗಡೆ ಇರೋದು ಸ್ಲೇಟು. ಬೆಳಿಗ್ಗೆ ಬರೆದದ್ದು ಹೌದೋ ಅಲ್ವೋ ಅಂತ ಕೇಳೋ ಮಾತು, ಇದು ಮಾಡು ಅನ್ನೋ ಮಾತು." ವೇರಿಯಬಲ್ ಅಂದರೆ ಏನು ಅಂತ ನನಗೆ ಅದಕ್ಕಿಂತ ಚೆನ್ನಾಗಿ ಆಮೇಲೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಇ ವಿಚಾರ. ನಮಗೆ ಕಲಿಸುತ್ತಿದ್ದದ್ದು ಜಿಡಬ್ಲ್ಯೂ ಬೇಸಿಕ್. ಒಂದರಿಂದ ಹತ್ತರವರೆಗೆ ಅಂಕಿ ಬರೆಸಬೇಕಾದರೆ ಹುಡುಗರು ಫಾರ್ ಅಂತ ಶುರುಮಾಡಿ ನೆಕ್ಸ್ಟ್ ಅಂತ ಮುಗಿಸುತ್ತಿದ್ದರು. ನೆಕ್ಸ್ಟ್‌ನಲ್ಲಿ ಇ ಇದೆ! ದೆನ್‌ನಲ್ಲಿ ಇ, ಎಲ್ಸ್‌ನಲ್ಲಿ ಎರಡು ಇ, ರೀಡ್‌ನಲ್ಲಿ ಇ, ಕೊನೆಗೆ ಎಂಡ್ ಅನ್ನಲಿಕ್ಕೂ ಇ. ಅಂದರೆ ಪುಸ್ತಕದಲ್ಲಿದ್ದ ಪ್ರೋಗ್ರಾಮುಗಳಲ್ಲಿ ಮುಕ್ಕಾಲು ಪಾಲು ನಮ್ಮ ಯಂತ್ರಕ್ಕೆ ನಿಷಿದ್ಧ. ಮೇಷ್ಟ್ರು ಒಂದು ವಾರ ಯೋಚನೆ ಮಾಡಿ ಬಂದು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರು:

10 ಐ = 1
20 ಪ್ರಿಂಟ್ ಐ
30 ಐ = ಐ + 1
40 ಇಫ್ ಐ <= 10 ಗೋಟು 20

ಬರೆದದ್ದು ಇಂಗ್ಲಿಷಿನಲ್ಲಿ, ಎಲ್ಲೂ ಇ ಇಲ್ಲ. ನಾಲ್ಕನೇ ಸಾಲಿನ ಅರ್ಥ, ಐ ಹತ್ತು ದಾಟಿಲ್ಲದಿದ್ದರೆ ಮತ್ತೆ ಇಪ್ಪತ್ತನೇ ಸಾಲಿಗೆ ಹೋಗು ಅಂತ. ಇಫ್ ಆದಮೇಲೆ ದೆನ್ ಬಿಟ್ಟು ನೇರ ಗೋಟು ಬರೆದರೂ ಜಿಡಬ್ಲ್ಯೂ ಬೇಸಿಕ್ ಒಪ್ಪುತ್ತದೆ. ಅವರು ನಾಲ್ಕನೇ ಸಾಲು ಗಟ್ಟಿಯಾಗಿ ಓದಿದ್ದೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ನಮ್ಮ ಕಡೆ ಗೋಟು ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿದ್ದು. ಮಂಡಿಯಲ್ಲಿ ಅದಕ್ಕೆ ಬೇರೆ ರೇಟು. ಆ ವರ್ಷವೆಲ್ಲ ಯಾರಾದರೂ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ "ಗೋಟು ಇಪ್ಪತ್ತು" ಅನ್ನುವುದು ನಮ್ಮ ಬೆಂಚಿನ ಮಾತಾಯಿತು. ಈಗಲೂ ನಾವು ಮೂರು ಜನ ಫೋನಿನಲ್ಲಿ ಹಾಗೇ ಮಾತಾಡುತ್ತೇವೆ.

ಹಾಗೆ ನಮ್ಮ ಪ್ರೋಗ್ರಾಮುಗಳಿಗೆ ಕನ್ನಡವೂ ಬಂತು. ಹುಡುಗರ ಸ್ಕ್ರೀನಿನಲ್ಲಿ "ಎಂಟರ್ ಎ ನಂಬರ್" ಅಂತ ಬರುತ್ತಿತ್ತು, ನಮಗದು ಸಾಧ್ಯವಿಲ್ಲ. "ಎಷ್ಟು" ಅಂತ ಕೇಳೋಣ ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಅದು ಶುರುವಾಗುವುದೇ ಇ ಯಿಂದ. ಕೊನೆಗೆ "ಅಂಕಿ ಕೊಡಿ" ಅಂತ ಇಟ್ಟೆವು. ಅಂಕಿ ಕೇಳಿದಾಗ ಅಂಕಿ ಬಿಟ್ಟು ಹೆಸರು ಹೊಡೆದರೆ ಮಾತ್ರ ಯಂತ್ರ ತನ್ನದೇ ಇಂಗ್ಲಿಷಿನಲ್ಲಿ "ರೀಡೂ ಫ್ರಮ್ ಸ್ಟಾರ್ಟ್", ಮೊದಲಿಂದ ಮತ್ತೆ ಹೊಡಿ, ಅಂತ ಗದರುತ್ತಿತ್ತು.

ಮೂವತ್ತನೇ ಸಾಲು ಬರೆಯಲು ಮರೆತವಳು ನಾನೇ. ಸ್ಕ್ರೀನ್ ತುಂಬ ಒಂದು, ಒಂದು, ಒಂದು. ಯಂತ್ರ ಕೆಟ್ಟೇಹೋಯಿತು ಅಂತ ಬೆವರಿಳಿಯಿತು. ಮೇಷ್ಟ್ರು ಬಂದು ಕಂಟ್ರೋಲ್ ಮತ್ತು ಬ್ರೇಕ್ ಒತ್ತಿ ನಿಲ್ಲಿಸಿ, "ಸ್ಲೇಟು ಒರೆಸೋರು ಯಾರು?" ಅಂತ ಕೇಳಿ ಮುಂದೆ ಹೋದರು.

ಬೇಸಿಕ್ ಭಾಷೆಯನ್ನು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರೇ ಮಾಡಿದ್ದು, ವಿಜ್ಞಾನ ಓದದ ಮಕ್ಕಳಿಗೂ ಕಂಪ್ಯೂಟರ್ ಸಿಗಲಿ ಅಂತ. ಅದು 1964ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ 1964ರಲ್ಲೇ. ಅದರ ಹಿನ್ನೀರಿನಲ್ಲಿ ನಮ್ಮಜ್ಜನ ಗದ್ದೆ ಹೋಯಿತು. ಶರಾವತಿಯ ಕರೆಂಟು ಎಲ್ಲೆಲ್ಲಿಗೋ ಹೋಗಿ ಬೆಳಕು ಕೊಡುತ್ತಿದ್ದಾಗ ಅದೇ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಕಂಪ್ಯೂಟರ್ ಪೀರಿಯಡ್ಡಿನ ಹೊತ್ತಿಗೆ ಸರಿಯಾಗಿ ಲೋಡ್ ಶೆಡ್ಡಿಂಗ್.

ಕರೆಂಟ್ ಹೋದರೆ ಡ್ರೈ ರನ್. ಜಗಲಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಕೋಷ್ಟಕ ಮಾಡುವುದು. ಒಂದು ಕಾಲಮ್ಮಿನಲ್ಲಿ ಎಷ್ಟನೇ ಸಾಲು, ಪಕ್ಕದ್ದರಲ್ಲಿ ಐ ಎಷ್ಟು, ಕೊನೆಯದರಲ್ಲಿ ಸ್ಕ್ರೀನಿನ ಮೇಲೆ ಏನು ಬಂತು. ನಾವೇ ಯಂತ್ರ. ತಲೆ ಓಡಿಸಬಾರದು, ಬರೆದದ್ದನ್ನಷ್ಟೇ ಮಾಡಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ನಾನು ಬರೆಯಬೇಕು ಅಂದುಕೊಂಡದ್ದನ್ನು ಕಣ್ಣು ಓದಿಬಿಡುತ್ತಿತ್ತು, ಬರೆದದ್ದನ್ನಲ್ಲ. ಹಾಗಾಗಿ ಮೇಷ್ಟ್ರು ಪುಸ್ತಕ ಅದಲುಬದಲು ಮಾಡಿಸುತ್ತಿದ್ದರು. ನಿನ್ನ ಪ್ರೋಗ್ರಾಮನ್ನು ಪಕ್ಕದವಳು ನಡೆಸಲಿ. ಎಷ್ಟು ಸ್ನೇಹ ಮುರಿದುಬಿದ್ದವೋ ಲೆಕ್ಕವಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಎಲ್ಲರಿಗೂ ಕೇಳಿದರು: ಹತ್ತರವರೆಗೆ ಪ್ರಿಂಟ್ ಆಗಿ ಮುಗಿದ ಮೇಲೆ ಐ ಎಷ್ಟಿರುತ್ತೆ? ಹುಡುಗರ ಸಾಲು ಒಂದೇ ಸ್ವರದಲ್ಲಿ ಹತ್ತು ಅಂದಿತು. ನಮ್ಮ ಸಾಲು ಹನ್ನೊಂದು ಅಂದಿತು. ಹನ್ನೊಂದು ಆದ ಮೇಲೆ ತಾನೇ ನಲವತ್ತನೇ ಸಾಲಿನಲ್ಲಿ ಆಗುವುದಿಲ್ಲ ಅಂತ ಗೊತ್ತಾಗಿ ನಿಲ್ಲುವುದು? ಹುಡುಗರ ಯಂತ್ರದಲ್ಲೇ ಫಾರ್, ನೆಕ್ಸ್ಟ್ ಹಾಕಿ ನೋಡಿದರೂ ಹನ್ನೊಂದೇ ಬಂತು. ನೆಕ್ಸ್ಟ್ ತನ್ನ ಹೊಟ್ಟೆಯೊಳಗೆ ಮಾಡುತ್ತಿದ್ದ ಒಂದು ಕೂಡಿಸುವ ಕೆಲಸವನ್ನು ನಾವು ಒಂದು ವರ್ಷದಿಂದ ಕೈಯಾರೆ ಮಾಡುತ್ತಿದ್ದೆವು. ಅವತ್ತಿನ ಜಂಬ ನನಗೆ ಇನ್ನೂ ಇಳಿದಿಲ್ಲ.

ಅದೇ ವರ್ಷದ ಕೊನೆಗೆ ಗೆಳತಿಯೊಬ್ಬಳ ಬೆರಳು ಆಲ್ಟ್ ಕೀ ಮೇಲೆ ಉಳಿದು ಎನ್ ಒತ್ತಿಹೋಯಿತು. ಸ್ಕ್ರೀನಿನ ಮೇಲೆ ನೆಕ್ಸ್ಟ್ ಅಂತ ಇಡೀ ಪದ ಬಂದು ಕೂತಿತು, ಇ ಸಮೇತ! ಜಿಡಬ್ಲ್ಯೂ ಬೇಸಿಕ್‌ನಲ್ಲಿ ಆಲ್ಟ್ ಜೊತೆ ಎನ್ ಒತ್ತಿದರೆ ನೆಕ್ಸ್ಟ್, ಟಿ ಒತ್ತಿದರೆ ದೆನ್. ಎರಡು ವರ್ಷ ಅದು ಅಲ್ಲೇ ಇತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಷ್ಟ್ರಿಗೆ ಮೊದಲೇ ಗೊತ್ತಿತ್ತಾ ಅಂತ ನನಗೆ ಈಗಲೂ ಅನುಮಾನ.

ಅಪ್ಪನಿಗೆ ಇದೆಲ್ಲ ತೋರಿಸಬೇಕು ಅಂತ ಆಸೆ. ಆ ಸಲ ಅಡಿಕೆ ಮಾರಿದ ಮಂಡಿ ಪಟ್ಟಿಗಳನ್ನೆಲ್ಲ ಒಯ್ದು ಕೂಡಿಸುವ ಪ್ರೋಗ್ರಾಮ್ ಬರೆದೆ. ಕೈಲೆಕ್ಕದಲ್ಲಿ ಬಂದದ್ದು 1,34,217 ರೂಪಾಯಿ 65 ಪೈಸೆ. ಯಂತ್ರ 134217.7 ಅಂದಿತು. ಮಾಮೂಲಿ ವೇರಿಯಬಲ್ಲಿನಲ್ಲಿ ಏಳು ಅಂಕಿಗಷ್ಟೇ ಜಾಗ, ಹೆಚ್ಚು ಬೇಕಾದರೆ ಹೆಸರಿನ ಹಿಂದೆ ಹ್ಯಾಶ್ ಗುರುತು ಹಾಕಬೇಕು ಅಂತ ಆಮೇಲೆ ಕಲಿತೆ. ಅಪ್ಪ ಮಾತ್ರ, "ಐದು ಪೈಸೆ ಹೆಚ್ಚೇ ಕೊಟ್ಟಿತಲ್ಲ, ಮಂಡಿಯೋರಿಗಿಂತ ವಾಸಿ" ಅಂದರು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕಂಡ ಮೊತ್ತವನ್ನು ನಾನು ಒಮ್ಮೆ ಕೈಯಲ್ಲಿ ಕೂಡಿಸದೆ ಸಹಿ ಹಾಕುವುದಿಲ್ಲ. ಪಕ್ಕದ ಟೇಬಲ್ಲಿನವರು ನಗುತ್ತಾರೆ.

ಹತ್ತನೇ ಕ್ಲಾಸಿನಲ್ಲಿ ದಸರಾ ರಜೆ ಮುಗಿದ ಮೇಲೆ ಕಂಪ್ಯೂಟರ್ ಪೀರಿಯಡ್ ನಿಂತುಹೋಯಿತು. ಎಸ್ಸೆಸ್ಸೆಲ್ಸಿಗೆ ಅದು ಪರೀಕ್ಷೆಯ ವಿಷಯವಲ್ಲ, ಆ ಹೊತ್ತಿಗೆ ಸಮಾಜದ ಪೋರ್ಶನ್ ಮುಗಿಸಬೇಕಿತ್ತು. ಯಾರೂ ತಕರಾರು ಮಾಡಲಿಲ್ಲ, ನಾವೂ ಮಾಡಲಿಲ್ಲ.

ಈಗ ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. ಅವಳಿಗೆ ಪೈಥಾನ್ ಭಾಷೆ, ಸ್ಟ್ಯಾಕ್, ಎಸ್‌ಕ್ಯೂಎಲ್. ಸಾಲಿಗೆ ನಂಬರೂ ಇಲ್ಲ, ಗೋಟೂ ಇಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿತ್ತು, ಅವಳ ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿದಿತ್ತು. ಫಾರ್ ಐ ಇನ್ ರೇಂಜ್, ಬ್ರಾಕೆಟ್ಟಿನಲ್ಲಿ ಒಂದು, ಹನ್ನೊಂದು ಅಂತ ಅವಳ ರೆಕಾರ್ಡ್ ಪುಸ್ತಕದಲ್ಲಿ ನೋಡಿದೆ. ಹತ್ತರವರೆಗೆ ಬರೆಸಲು ಹನ್ನೊಂದು ಯಾಕೆ ಅಂತ ಅವಳು ಹೇಳಿದಳು, ಕೊನೆಯದು ಸೇರುವುದಿಲ್ಲವಂತೆ. ನನ್ನ ಹಳೆಯ ಜಂಬ ತಲೆಯೆತ್ತಿತು. "ಲೂಪ್ ಮುಗಿದ ಮೇಲೆ ಐ ಎಷ್ಟಿರುತ್ತೆ ಹೇಳು ನೋಡೋಣ" ಅಂದೆ. ಹತ್ತು ಅಂದಳು. ಹನ್ನೊಂದು ಅಂತ ಹೇಳಿ, ಹಳೆಯ ಪಟ್ಟಿಯ ಹಿಂಬದಿಯಲ್ಲಿ ಆ ನಾಲ್ಕು ಸಾಲನ್ನು ಬರೆದು, ಸ್ಲೇಟಿನ ಕಥೆಯನ್ನೂ ಹೇಳಿ, ಹುಡುಗರು ಹೇಗೆ ಸೋತರು ಅನ್ನುವುದನ್ನೂ ಬಿಡದೆ ವರದಿ ಮಾಡಿದೆ.

ಎಂಟು ಗಂಟೆಗೆ ಕರೆಂಟ್ ಬಂತು. ಅವಳು ಓಡಿಸಿ ತೋರಿಸಿದಳು. 10.

"ಇಲ್ಲಿ ಯಾರೂ ಒಂದು ಕೂಡಿಸ್ತಾ ಇಲ್ಲಮ್ಮ. ರೇಂಜ್ ಒಂದೊಂದಾಗಿ ಕೈಗೆ ಕೊಡುತ್ತೆ, ಹತ್ತು ಕೊಟ್ಟಮೇಲೆ ಅದರ ಹತ್ರ ಇರೋದೇ ಇಲ್ಲ. ಹನ್ನೊಂದು ಎಲ್ಲಿಂದ ಬರ್ಬೇಕು?" ಅಂದಳು. ಆಮೇಲೆ ನನ್ನ ಕಾಗದ ನನ್ನ ಕಡೆಗೇ ತಳ್ಳಿ, "ಡ್ರೈ ರನ್ ಮಾಡ್ದೇನೇ ಹೇಳಿಬಿಟ್ಯಾ?"