ಮಾಹಿಮ್ ಕಡಲ ಬದಿಯ ಬೆಳ್ಳಿ ಕಾಗದ

ಮಾಟುಂಗಾದಲ್ಲಿ ರೈಲಿಳಿದಾಗ ಮಾವ ಹೂವಿನ ಅಂಗಡಿಗಳ ಬಳಿ ಕಾಯುತ್ತಿದ್ದರು. ಕುಂದಾಪುರದ ಕಡೆಯ ಹಳ್ಳಿಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಹಳೆಯ ಹಿಂದಿ ಹಾಡೆಂದರೆ ಅವರಿಗೆ ಪ್ರಾಣ. ಇಡ್ಲಿ, ಕಾಫಿ ಮುಗಿಸಿ ಇಬ್ಬರೂ ನಡೆಯಲು ಹೊರಟೆವು.

ರೈಲು ಹಳಿಗಳ ಮೇಲಿನ ಕಾಲುಸೇತುವೆಯಲ್ಲಿ ಮಾವ ನಿಂತರು. "ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಹಿಂದಿ ಚಿತ್ರಗೀತೆಗಳ ಕವಿ ಶೈಲೇಂದ್ರ ಕೆಲಸಕ್ಕಿದ್ದರು." ಬೆಸುಗೆ ಕಲಿಯುತ್ತಿದ್ದ ಆ ಯುವಕ ದೇಶ ವಿಭಜನೆಯ ನೋವಿನ ಕವಿತೆ ಓದಿದ್ದನ್ನು ಕೇಳಿ, ರಾಜ್ ಕಪೂರ್ ಅದನ್ನು ತಮ್ಮ ಚಿತ್ರಕ್ಕೆ ಕೊಡುವಂತೆ ಕೇಳಿದರು. ಶೈಲೇಂದ್ರ ಒಪ್ಪಲಿಲ್ಲ. ಮುಂದೆ ಹೆಂಡತಿ ಬಸುರಿಯಾದಾಗ ಕೈಯಲ್ಲಿ ಕಾಸಿರಲಿಲ್ಲ. ತಾವಾಗಿಯೇ ರಾಜ್ ಕಪೂರ್ ಬಳಿ ಹೋದರು. 500 ರೂಪಾಯಿಗೆ ಬರೆದ ಎರಡು ಹಾಡುಗಳು 1949ರ 'ಬರ್ಸಾತ್' ಚಿತ್ರ ಸೇರಿದವು. ಹೊಟ್ಟೆಪಾಡಿಗೆ ಬರೆದ ಹಾಡು ಕೀಳೆನ್ನುವವರ ಮಾತನ್ನು ನಾನು ಎಂದೂ ಒಪ್ಪುವುದಿಲ್ಲ. ಬಸುರಿ ಹೆಂಡತಿಗಾಗಿ ಹಟವನ್ನು ಬದಿಗಿಟ್ಟವನ ಮನಸ್ಸು ದೊಡ್ಡದು.

ಬಿಸಿಲು ಇಳಿದ ಮೇಲೆ ಮಾಹಿಮ್ ಕಡಲತೀರಕ್ಕೆ ಹೋದೆವು. ಎದುರಿಗೆ ಬಾಂದ್ರಾ-ವರ್ಲಿ ಸೇತುವೆಯ ತಂತಿಗಳು ಹೊಳೆಯುತ್ತಿದ್ದವು. 1943ರಲ್ಲಿ 'ಕಿಸ್ಮತ್' ಚಿತ್ರದ ದೇಶಭಕ್ತಿಯ ಹಾಡಿನಲ್ಲಿ ಆಗ ಬ್ರಿಟನ್ನಿನ ಶತ್ರುಗಳಾಗಿದ್ದ ಜರ್ಮನಿ, ಜಪಾನುಗಳ ಹೆಸರು ಸೇರಿಸಿ ಬ್ರಿಟಿಷರ ಸೆನ್ಸಾರಿನ ಕಣ್ಣು ತಪ್ಪಿಸಿದ್ದ ಕವಿ ಪ್ರದೀಪ್, 1962ರ ಚೀನಾ ಯುದ್ಧದ ನಂತರ ಇದೇ ತೀರದಲ್ಲಿ ನಡೆಯುತ್ತಿದ್ದರು. ಮಡಿದ ಯೋಧರ ಚಿಂತೆಯಲ್ಲಿದ್ದಾಗ ಸಾಲುಗಳು ಹೊಳೆದವು. ಕಾಗದವಿಲ್ಲ, ಪೆನ್ನೂ ಇಲ್ಲ. ದಾರಿಹೋಕರೊಬ್ಬರ ಪೆನ್ನು ಕೇಳಿ ಪಡೆದು, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದದ ಮೇಲೆ ಬರೆದುಕೊಂಡರು. ಅದೇ 'ಏ ಮೇರೆ ವತನ್ ಕೆ ಲೋಗೋ'. ಸಿ. ರಾಮಚಂದ್ರ ರಾಗ ಹಾಕಿದರು. 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರ್ ಹಾಡಿದಾಗ ನೆಹರೂ ಕಣ್ಣು ತೇವವಾಯಿತು. ಬರೆದ ಕವಿಗೆ ಮಾತ್ರ ಆ ಸಮಾರಂಭಕ್ಕೆ ಕರೆಯೇ ಇರಲಿಲ್ಲ! ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ಅವರು ಹಾಡಿನ ಗೌರವಧನವನ್ನು ಯೋಧರ ವಿಧವೆಯರ ನಿಧಿಗೆ ಬಿಟ್ಟುಕೊಟ್ಟರು.

"ನಮ್ಮ ಹೋಟೆಲಿನ ರೇಡಿಯೋದಲ್ಲಿ ಈ ಹಾಡು ಬಂದಾಗ ಗಿರಾಕಿಗಳು ತುತ್ತು ಎತ್ತದೆ ಕುಳಿತಿದ್ದರು," ಎಂದರು ಮಾವ. "ಆಗ ನನಗೆ ಹಿಂದಿ ಒಂದಕ್ಷರವೂ ಬರುತ್ತಿರಲಿಲ್ಲ. ಅವರ ಮುಖ ನೋಡಿ ನಾನೂ ಅತ್ತೆ."

ನನ್ನ ಚೀಲದಲ್ಲಿ ಚಾಕೊಲೇಟಿನ ಬೆಳ್ಳಿ ಕಾಗದವಿತ್ತು. ತೊಡೆಯ ಮೇಲೆ ಹರಡಿ ಪೆನ್ನು ಊರಿದೆ. ಮೊನೆ ಜಾರಿತು, ಕಾಗದ ಹರಿಯಿತು.

"ಅದು ಬರೀ ತಗಡು. ಸಿಗರೇಟಿನದಾದರೆ ಹಿಂದೆ ಬಿಳಿ ಕಾಗದ ಅಂಟಿರುತ್ತಿತ್ತು," ಎಂದರು ಮಾವ. "ರಾತ್ರಿಶಾಲೆಗೆ ಪುಸ್ತಕ ಕೊಳ್ಳಲು ದುಡ್ಡಿಲ್ಲದ ದಿನ, ಗಿರಾಕಿಗಳು ಬಿಸಾಡಿದ ಪೊಟ್ಟಣ ಆಯ್ದು, ನಾನು ಕಾಗುಣಿತ ತಿದ್ದಿದ್ದು ಅದರ ಮೇಲೆಯೇ."