ಲಿನಕ್ಸಲ್ಲಿ ಗೇಮ್ ಬರಲ್ಲ ಅಂತ ಇನ್ನೂ ಹೇಳ್ತಿರೋರಿಗೆ

ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ, ದಾವಣಗೆರೆ ವಿದ್ಯಾನಗರಕ್ಕೆ. ನರಕ ಚತುರ್ದಶಿ ದಿನ ಎಣ್ಣೆಸ್ನಾನ ಮಾಡಿ ಇನ್ನೂ ತಲೆ ಆರಿರ್ಲಿಲ್ಲ, ಅಕ್ಕನ ಮಗ ಬಂದು ಪಕ್ಕದಲ್ಲಿ ಕೂತ. "ಮಾಮ, ನನ್ ಪಿಸಿಗೆ ವಿಂಡೋಸ್ 11 ಬರಲ್ವಂತೆ. ಹೊಸದು ತಗೊಳ್ಳೋಕೆ ಅಪ್ಪಂಗೆ ನೀನಾದ್ರೂ ಹೇಳು." ಭಾವಂದು ಇರೋದೇ ಒಂದು ಲಾರಿ, ಮೆಕ್ಕೆಜೋಳದ ಲೋಡ್ ಶುರುವಾಗೋ ಟೈಮು, ಅದಕ್ಕೆ ಅಂತ ಹಿಂದಿನ ವಾರ ತಾನೇ ಟೈರ್ ಹಾಕ್ಸಿದ್ರು. ನಾನು ಯಾವ ಬಾಯಲ್ಲಿ ಐವತ್ತು ಸಾವಿರ ಕೊಡಿ ಅಂತ ಹೇಳ್ಲಿ.

ಹುಡುಗ ಹೇಳಿದ್ದು ಸುಳ್ಳಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಹಬ್ಬಕ್ಕೆ ಸರಿಯಾಗಿ ಆರು ದಿನ ಮುಂಚೆ. 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಇವಂದು 6ನೇ ಜನರೇಶನ್ ಐ5. 16 ಜಿಬಿ ರ‍್ಯಾಮ್ ಇದೆ, ಎಸ್‌ಎಸ್‌ಡಿ ಇದೆ, ಒಂದು ಪಾರ್ಟೂ ಕೆಟ್ಟಿಲ್ಲ. ಚೆನ್ನಾಗಿರೋ ಮಿಷನ್ನ ಗುಜರಿಗೆ ಹಾಕೋದು ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ. "ಲಿನಕ್ಸ್ ಹಾಕೋಣ ಕಣೋ" ಅಂದೆ, ವಿಂಡೋಸ್ ಬದಲಿಗೆ ಹಾಕ್ಕೊಳ್ಳೋ ಫ್ರೀ ಆಪರೇಟಿಂಗ್ ಸಿಸ್ಟಮ್ ಅದು. "ಅದ್ರಲ್ಲಿ ಗೇಮ್ ಬರಲ್ವಲ್ಲ ಮಾಮ" ಅಂದ. ಆ ಒಂದು ಮಾತಿಗೇ ಈ ಪೋಸ್ಟು.

ನಾನು ಇದೇ ಊರಲ್ಲಿ ಎಂಜಿನಿಯರಿಂಗ್ ಓದ್ತಿದ್ದಾಗ ಆ ಮಾತು ನಿಜ ಇತ್ತು. 2009ರಲ್ಲಿ ಉಬುಂಟು ಅನ್ನೋ ಲಿನಕ್ಸಿನ ಸಿಡಿ ಫ್ರೀಯಾಗಿ ಪೋಸ್ಟಲ್ಲಿ ಬರ್ತಿತ್ತು, ಅಡ್ರೆಸ್ ಕೊಟ್ರೆ ಸಾಕು, ರೂಮಿನ ಬಾಗಿಲಿಗೆ ತಂದು ಕೊಡೋರು. ಹಾಕ್ಕೊಂಡೆ, ಎಲ್ಲಾ ಇಷ್ಟ ಆಯ್ತು, ಆದ್ರೆ ಸಂಜೆ ಹುಡುಗ್ರು ಲ್ಯಾನ್ ಎಳ್ಕೊಂಡು ಕೌಂಟರ್ ಸ್ಟ್ರೈಕ್ 1.6 ಆಡೋಕೆ ಕೂತ್ರೆ ನನ್ನ ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ದೆ ಸ್ಕ್ರೀನ್ ತಡೆದು ತಡೆದು ಹೋಗೋದು, ನಾನು ತಿರುಗೋಷ್ಟ್ರಲ್ಲಿ ಸತ್ತಿರ್ತಿದ್ದೆ. ಒಂದು ತಿಂಗಳು ಒದ್ದಾಡಿ ವಾಪಸ್ ವಿಂಡೋಸ್ ಹಾಕಿದೆ. ಆ ಬೇಜಾರು ನಂಗೆ ತುಂಬಾ ವರ್ಷ ಇತ್ತು.

ಆಮೇಲೆ ಏನಾಯ್ತು ಅಂದ್ರೆ, 2013ರ ಫೆಬ್ರವರಿಲಿ ಸ್ಟೀಮ್, ಅಂದ್ರೆ ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ, ಲಿನಕ್ಸಿಗೆ ಬಂತು. 2015ರಲ್ಲಿ ಸ್ಟೀಮ್ ಮಷೀನ್ ಅಂತ ಲಿನಕ್ಸ್ ಇರೋ ಗೇಮಿಂಗ್ ಪಿಸಿಗಳು ಬಂದ್ವು, ಓಡ್ಲಿಲ್ಲ, ಯಾಕಂದ್ರೆ ಲಿನಕ್ಸಿಗೇ ಅಂತ ಮಾಡಿದ ಗೇಮ್‌ಗಳು ಸಾಕಷ್ಟು ಇರ್ಲಿಲ್ಲ. ಗೇಮ್ ಮಾಡೋರು ಜನ ಇಲ್ಲ ಅಂತ ಲಿನಕ್ಸಿಗೆ ಮಾಡಲ್ಲ, ಗೇಮ್ ಇಲ್ಲ ಅಂತ ಜನ ಬರಲ್ಲ. ಈ ಗಂಟು ಬಿಚ್ಚಿದ್ದು ಹೆಂಗೆ ಅಂತ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಖುಷಿಯಾಗುತ್ತೆ. ಫಿಲಿಪ್ ರೆಬೋಲೆ ಅಂತ ಒಬ್ರು ಡೆವಲಪರ್, ಅವರಿಗೆ ನಿಯರ್ ಆಟೊಮೇಟಾ ಅನ್ನೋ ಗೇಮ್ ಲಿನಕ್ಸಲ್ಲಿ ಆಡಬೇಕಿತ್ತು, ಅದು ಡೈರೆಕ್ಟ್‌ಎಕ್ಸ್ 11 (ವಿಂಡೋಸ್ ಗೇಮ್‌ಗಳು ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡೋ ಭಾಷೆ ಅನ್ನಿ) ಗೇಮು, ಸರಿಯಾಗಿ ಓಡ್ತಿರ್ಲಿಲ್ಲ. ಅದಕ್ಕೆ ಡಿಎಕ್ಸ್‌ವಿಕೆ ಅಂತ ಬರೆಯೋಕೆ ಶುರು ಮಾಡಿದ್ರು. ಗೇಮು ಡೈರೆಕ್ಟ್‌ಎಕ್ಸಲ್ಲಿ "ಇದನ್ನ ಹಿಂಗೆ ಬಿಡಿಸು" ಅಂತ ಹೇಳೋ ಒಂದೊಂದು ಮಾತನ್ನೂ ಅಲ್ಲಲ್ಲೇ ವಲ್ಕನ್‌ಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಕೊಡೋದು ಅದರ ಕೆಲಸ. ವಲ್ಕನ್ ಅಂದ್ರೆ ಲಿನಕ್ಸಲ್ಲೂ ನಡೆಯೋ ಅಂಥದ್ದೇ ಇನ್ನೊಂದು ಭಾಷೆ, 2016ರಲ್ಲಿ ಬಂದಿತ್ತು, ಅದಿಲ್ದೆ ಇದ್ರೆ ಇದು ಇಷ್ಟು ಫಾಸ್ಟ್ ಆಗ್ತಿರ್ಲಿಲ್ಲ. ಆಮೇಲೆ ವಾಲ್ವ್‌ನವರು ಅವರಿಗೇ ದುಡ್ಡು ಕೊಟ್ಟು ಕೆಲಸ ಮುಂದುವರಿಸಿದ್ರು, 1993ರಿಂದ ನಡ್ಕೊಂಡು ಬಂದಿರೋ, ವಿಂಡೋಸ್ ಪ್ರೋಗ್ರಾಮ್ ಲಿನಕ್ಸಲ್ಲಿ ಓಡಿಸೋ ವೈನ್ ಜೊತೆ ಇದನ್ನ ಸೇರಿಸಿ 2018ರ ಆಗಸ್ಟಲ್ಲಿ ಪ್ರೋಟಾನ್ ಅಂತ ಸ್ಟೀಮ್ ಒಳಗೇ ಕೊಟ್ರು. 2022ರಲ್ಲಿ ಸ್ಟೀಮ್ ಡೆಕ್ ಬಂತು, ಕೈಯಲ್ಲಿ ಹಿಡ್ಕೊಂಡು ಆಡೋದು, ಒಳಗಿರೋದು ಆರ್ಚ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ಅಲ್ಲಿಂದ ಗೇಮ್ ಕಂಪನಿಗಳೂ ತಮ್ಮ ಗೇಮ್ ಪ್ರೋಟಾನಲ್ಲಿ ಓಡುತ್ತಾ ಅಂತ ತಾವೇ ನೋಡೋಕೆ ಶುರು ಮಾಡಿದ್ರು.

ಸರಿ, ಪಿಸಿ ವಿಷಯಕ್ಕೆ ಬರ್ತೀನಿ. ಮಿಂಟ್ ಅನ್ನೋ ಲಿನಕ್ಸ್ ಹಾಕಿದೆ, ಇಪ್ಪತ್ತು ನಿಮಿಷ. ಅವನ ಹಳೇ ವಿಂಡೋಸ್ ಇದ್ದ ಎಸ್‌ಎಸ್‌ಡಿ ಮುಟ್ಲಿಲ್ಲ, ನನ್ನ ಹತ್ರ ಇದ್ದ ಇನ್ನೊಂದಕ್ಕೆ ಹಾಕಿದ್ದು. (ಕನ್ನಡ ಟೈಪಿಂಗ್‌ಗೆ ಐಬಸ್‌ನಲ್ಲಿ ನುಡಿ ಥರದ್ದೇ ಕೆಜಿಪಿ ಲೇಔಟ್ ಸಿಗುತ್ತೆ, ನುಡಿ ಕೀಬೋರ್ಡ್ ಕೈಗೆ ಕೂತಿರೋರು ಹೆದರಬೇಡಿ.) ಮೊದಲನೇ ಗೇಮ್ ಒತ್ತಿದ್ರೆ ವಲ್ಕನ್ ಎರರ್ ಬಂತು. ಕಾರಣ ಅವನ ಹತ್ತು ವರ್ಷದ ಹಳೇ ಗ್ರಾಫಿಕ್ಸ್ ಕಾರ್ಡು. ಅದರ ಡ್ರೈವರ್ ವಲ್ಕನ್ 1.2ಕ್ಕೇ ನಿಂತಿದೆ, ಪ್ರೋಟಾನ್ 8ರಿಂದ ಈಚೆಗೆ 1.3 ಬೇಕು. ನಮ್ಮ ಕಡೆ ಇಂಥ ಹಳೇ ಕಾರ್ಡ್‌ಗಳೇ ಜಾಸ್ತಿ ಇರೋದ್ರಿಂದ ಇದನ್ನ ಒತ್ತಿ ಹೇಳ್ತಿದೀನಿ: ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ, ಅದ್ರಲ್ಲಿ ಪ್ರೋಟಾನ್ 7 ಆರಿಸ್ಕೊಳ್ಳಿ. ಎಷ್ಟೋ ಹಳೇ ಗೇಮ್‌ಗಳು ಅಷ್ಟಕ್ಕೇ ಎದ್ದು ಕೂರ್ತವೆ. ಇವಂದೂ ಎರಡು ಓಡಿದ್ವು.

ಆದ್ರೂ ಕಾರ್ಡ್ ಬದಲಾಯಿಸೋಣ ಅನ್ನಿಸ್ತು. ನನ್ನ ಕ್ಲಾಸ್‌ಮೇಟ್ ಒಬ್ಬ ಚಿತ್ರದುರ್ಗದಲ್ಲಿ ಗೇಮಿಂಗ್ ಸೆಂಟರ್ ಇಟ್ಟಿದ್ದ, ಮುಚ್ಚಿದ ಮೇಲೆ ಕಾರ್ಡ್‌ಗಳು ಅಟ್ಟದ ಮೇಲೆ ಉಳ್ಕೊಂಡಿದ್ವು. ಮಾರನೇ ದಿನ ಅಳಿಯನ್ನ ಬೈಕಲ್ಲಿ ಕೂರಿಸ್ಕೊಂಡು ಹೋದೆ, ಹೈವೇಲಿ ಒಂದು ಗಂಟೆ ಚಿಲ್ಲರೆ ದಾರಿ, ಗಾಳಿ ಫ್ಯಾನ್‌ಗಳು ಕಾಣೋಕೆ ಶುರುವಾದ್ರೆ ದುರ್ಗ ಬಂತು ಅಂತ ಲೆಕ್ಕ. ಎಎಂಡಿ ಆರ್‌ಎಕ್ಸ್ 570, ನಾಲ್ಕು ಸಾವಿರಕ್ಕೆ ಕೊಟ್ಟ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಬೇರೆ ತಗೋಬೇಕಾಯ್ತು. ವಾಪಸ್ ಬಂದು ಹಾಕಿ ಆನ್ ಮಾಡಿದ್ರೆ ಡ್ರೈವರ್ ಅಂತ ಏನೂ ಇಳಿಸೋದೇ ಇಲ್ಲ, ಕರ್ನಲ್ ಒಳಗೇ, ಅಂದ್ರೆ ಲಿನಕ್ಸಿನ ತಿರುಳಲ್ಲೇ ಇದೆ, ಮಿಕ್ಕಿದ್ದು ಮೆಸಾ ಅನ್ನೋ ಗ್ರಾಫಿಕ್ಸ್ ಸಾಫ್ಟ್‌ವೇರ್ ನೋಡ್ಕೊಳ್ಳುತ್ತೆ. ಅಳಿಯ ಡ್ರೈವರ್ ಸೈಟ್ ತೆಗೆದು ಕೂತಿದ್ದ, ಮುಚ್ಚು ಅಂದೆ.

ಇಷ್ಟಾದ ಮೇಲೂ ಒಂದು ಕಾಟ ಕೊಡ್ತು ನೋಡಿ. ಅವನ ಗೇಮ್‌ಗಳೆಲ್ಲಾ 1 ಟಿಬಿ ಹಾರ್ಡ್ ಡಿಸ್ಕಲ್ಲಿ ಇದ್ವು, ವಿಂಡೋಸಲ್ಲಿ ಫಾರ್ಮ್ಯಾಟ್ ಮಾಡಿದ್ದು, ಅಂದ್ರೆ ವಿಂಡೋಸ್ ಫೈಲ್ ಇಡೋ ಪದ್ಧತಿ ಎನ್‌ಟಿಎಫ್‌ಎಸ್. ಮತ್ತೆ ಡೌನ್‌ಲೋಡ್ ಯಾಕೆ ಅಂತ ಅದನ್ನೇ ಸ್ಟೀಮಿಗೆ ತೋರಿಸಿದೆ. ಪ್ಲೇ ಒತ್ತಿದ್ರೆ ಹಸಿರು ಬಟನ್ ನೀಲಿ ಆಗುತ್ತೆ, ಸ್ಟಾಪ್ ಅಂತ ಬರುತ್ತೆ, ಎರಡು ಸೆಕೆಂಡಿಗೆ ಮತ್ತೆ ಹಸಿರು, ಪ್ಲೇ. ಎರರ್ ಇಲ್ಲ, ಮೆಸೇಜ್ ಇಲ್ಲ, ಏನಿಲ್ಲ. ಎಂಟು ಹತ್ತು ಸಲ ಒತ್ತಿದ್ವಿ. ಅಳಿಯನ ಮುಖ ನೋಡಿದ್ರೆ "ನಾ ಹೇಳ್ಲಿಲ್ವಾ" ಅಂತ ಬರೆದಂಗಿತ್ತು. ಕೊನೆಗೆ ಫೋಲ್ಡರ್ ಒಳಗೆ ಹೋಗಿ ನೋಡ್ದಾಗ ಗೊತ್ತಾಯ್ತು. ಪ್ರೋಟಾನ್ ಒಂದೊಂದು ಗೇಮಿಗೂ ಒಂದೊಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತೆ, ಕಾಂಪ್ಯಾಟ್‌ಡೇಟಾ ಅನ್ನೋ ಫೋಲ್ಡರಲ್ಲಿ. ಅದರೊಳಗೆ ಸಿ: ಅಂತ, ಝಡ್: ಅಂತ ಕೋಲನ್ ಸೇರಿಸಿ ಹೆಸರಿಟ್ಟ ಲಿಂಕ್‌ಗಳು ಇರ್ತವೆ. ವಿಂಡೋಸಲ್ಲಿ ಫೈಲ್ ಹೆಸರಲ್ಲಿ ಕೋಲನ್ ಇರೋ ಹಾಗಿಲ್ಲ, ಹಂಗಾಗಿ ಎನ್‌ಟಿಎಫ್‌ಎಸ್ ಡಿಸ್ಕಲ್ಲಿ ಆ ಮನೆ ನೆಟ್ಟಗೆ ನಿಲ್ಲಲ್ಲ. ಗೇಮ್ ಫೈಲ್‌ಗಳ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಆ 1 ಟಿಬಿ ಡಿಸ್ಕನ್ನ ಲಿನಕ್ಸಿನ ಪದ್ಧತಿ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ವಾಪಸ್ ಹಾಕಿದ್ವಿ. ಕಾಪಿ ಆಗೋಷ್ಟ್ರಲ್ಲಿ ಅಕ್ಕ ನರ್ಗಿಸ್ ಮಂಡಕ್ಕಿ ಕಲಸಿದ್ರು, ಮಿರ್ಚಿ ಹೊರಗಿಂದ ತಂದ್ವಿ, ಎರಡು ಸಲ ಟೀ ಆಯ್ತು. ಲಿನಕ್ಸಿಗೆ ಬರೋರು ಯಾರೇ ಆಗ್ಲಿ ನನ್ನ ಕೇಳಿದ್ರೆ ಮೊದಲು ಹೇಳೋದು ಇದನ್ನೇ: ಹಳೇ ವಿಂಡೋಸ್ ಡಿಸ್ಕಿಂದ ನೇರ ಗೇಮ್ ಓಡಿಸೋಕೆ ಹೋಗಬೇಡಿ, ಅರ್ಧ ಜನ ಇಲ್ಲೇ ಸೋತು ವಾಪಸ್ ಹೋಗ್ತಾರೆ ಅಂತ ನಂಗನ್ಸುತ್ತೆ.

ಆಮೇಲೆ ಒಂದಾದ ಮೇಲೊಂದು ಓಡಿದ್ವು. ಮೊದಲನೇ ಸಲ ಶೇಡರ್ (ಚಿತ್ರ ಬಿಡಿಸೋಕೆ ಕಾರ್ಡಲ್ಲಿ ಓಡೋ ಪುಟ್ಟ ಪ್ರೋಗ್ರಾಮ್) ಪ್ರೊಸೆಸ್ ಆಗ್ತಿದೆ ಅಂತ ಸ್ವಲ್ಪ ಹೊತ್ತು ಕಾಯಿಸುತ್ತೆ, ಕಾಯಬೇಕು, ಸ್ಕಿಪ್ ಮಾಡಿದ್ರೆ ಆಟದ ಮಧ್ಯೆ ತಡವರಿಸುತ್ತೆ. ಎಪಿಕ್‌ ಅನ್ನೋ ಇನ್ನೊಂದು ಗೇಮ್ ಅಂಗಡೀಲಿ ಫ್ರೀ ಸಿಕ್ಕಿದ್ದ ಗೇಮ್‌ಗಳಿಗೆ ಹೀರೋಯಿಕ್ ಲಾಂಚರ್ ಹಾಕಿದೆ, ಅದೂ ಆಯ್ತು. ಯಾವುದು ಹೆಂಗೆ ಓಡುತ್ತೆ ಅಂತ ಮೊದಲೇ ನೋಡೋಕೆ ಪ್ರೋಟಾನ್‌ಡಿಬಿ ಅನ್ನೋ ಸೈಟ್ ಇದೆ, ಆಡಿದೋರೇ ಬರೆದಿರ್ತಾರೆ, ಪ್ಲಾಟಿನಮ್, ಗೋಲ್ಡ್ ಅಂತ ರೇಟಿಂಗ್ ಇರುತ್ತೆ.

ರಾತ್ರಿ ಭಾವ ಊಟ ಮಾಡ್ಕೊಂಡು ಬಂದು ಬಾಗಿಲಲ್ಲಿ ನಿಂತ್ರು. ಅಳಿಯ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿದ್ದ, ಅದಕ್ಕೆ ಪ್ರೋಟಾನೂ ಬೇಕಿಲ್ಲ, ಲಿನಕ್ಸಿಗೇ ಅಂತ ಮಾಡಿದ್ದು ಇದೆ. ಭಾವ ಸುಮ್ನೆ ನೋಡ್ತಾ ನೋಡ್ತಾ "ಲೇ, ಇಳಿಜಾರೈತೆ, ಗೇರ್ ಇಳಸು, ಬರೀ ಬ್ರೇಕ್ ಮೇಲೆ ನಿಂತ್ರೆ ಲೈನರ್ ಸುಟ್ಟೋಗ್ತಾವೆ" ಅಂದ್ರು. ಅಳಿಯ ಚೇರ್ ಬಿಟ್ಕೊಟ್ಟ. ಹನ್ನೊಂದೂವರೆ ತನಕ ಯುರೋಪಲ್ಲಿ ಲೋಡ್ ಇಳಿಸ್ತಿದ್ರು, ಅಕ್ಕ ಬಂದು ಲೈಟ್ ಆಫ್ ಮಾಡೋವರ್ಗೂ.

ಈಗ ಓಡದೇ ಇರೋದರ ಬಗ್ಗೆ ಹೇಳ್ಲೇಬೇಕು, ಇಲ್ಲಾಂದ್ರೆ ಅರ್ಧ ಸತ್ಯ ಹೇಳಿದಂಗಾಗುತ್ತೆ. ಒಬ್ರೇ ಕೂತು ಆಡೋ ಗೇಮ್‌ಗಳು ಹೆಚ್ಚು ಕಮ್ಮಿ ಎಲ್ಲಾ ಬರ್ತವೆ. ಆನ್‌ಲೈನಲ್ಲಿ ನಾಲ್ಕು ಜನದ ಜೊತೆ ಆಡೋದರಲ್ಲಿ ತೊಂದ್ರೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಲಿನಕ್ಸಿಗೇ ಇವೆ, ಆರಾಮಾಗಿ ಆಡಬಹುದು. ಆದ್ರೆ ವ್ಯಾಲೊರಂಟ್ ಬರಲ್ಲ, ಫೋರ್ಟ್‌ನೈಟ್ ಬರಲ್ಲ. ಏಪೆಕ್ಸ್ ಲೆಜೆಂಡ್ಸ್ ಬರ್ತಿತ್ತು, 2024ರ ಅಕ್ಟೋಬರ್ ಕೊನೆಗೆ ನಿಲ್ಲಿಸಿದ್ರು. ಜಿಟಿಎ 5 ಕಥೆ ಆಡಬಹುದು, ಆನ್‌ಲೈನ್ 2024ರ ಸೆಪ್ಟೆಂಬರಲ್ಲಿ ಬ್ಯಾಟಲ್‌ಐ ಅನ್ನೋ ಆಂಟಿ ಚೀಟ್ ಹಾಕಿದ ಮೇಲೆ ಲಿನಕ್ಸಲ್ಲಿ ನಿಂತೋಯ್ತು. ಇದೆಲ್ಲಾ ಆಂಟಿ ಚೀಟ್ ವಿಷಯ. ಮೋಸ ಮಾಡೋರನ್ನ ಹಿಡಿಯೋ ಸಾಫ್ಟ್‌ವೇರು, ವಿಂಡೋಸಲ್ಲಿ ಅದು ಕರ್ನಲ್ ಒಳಗೇ ಹೋಗಿ ಕೂರುತ್ತೆ. ಲಿನಕ್ಸಲ್ಲಿ ಕರ್ನಲ್‌ನ ಯಾರು ಬೇಕಾದ್ರೂ ತಿದ್ದಿ ಕಟ್ಕೊಬಹುದು, ಹಂಗಾಗಿ ನಂಬೋದು ಹೆಂಗೆ ಅಂತ ಅವ್ರು ಕೇಳ್ತಾರೆ. ಆ ಪ್ರಶ್ನೆಲಿ ಹುರುಳಿದೆ, ನಾನು ಒಪ್ತೀನಿ. ಆದ್ರೆ ಈಸಿ ಆಂಟಿ ಚೀಟೂ, ಬ್ಯಾಟಲ್‌ಐನೂ 2021ರಲ್ಲೇ ಪ್ರೋಟಾನ್‌ಗೆ ಸಪೋರ್ಟ್ ಕೊಟ್ಟಿವೆ, ಗೇಮ್ ಮಾಡೋರು ಬೇಕು ಅಂತ ಆನ್ ಮಾಡಬೇಕು ಅಷ್ಟೇ. ಕೆಲವ್ರು ಮಾಡಿದಾರೆ, ತುಂಬಾ ಜನ ಮಾಡಿಲ್ಲ. ಅಕ್ಕ ಕರೆಂಟ್ ಬಿಲ್ ಕಟ್ಟೋದು, ಭಾವ ಬ್ಯಾಂಕ್ ನೋಡೋದು ಇದೇ ಪಿಸಿಲಿ, ಒಂದು ಆಟಕ್ಕೋಸ್ಕರ ಯಾವುದೋ ಪ್ರೋಗ್ರಾಮಿಗೆ ಕರ್ನಲ್ ಬೀಗದ ಕೈ ಕೊಡೋದು ನಂಗೆ ಮನಸ್ಸಿಗೆ ಬರಲ್ಲ. 2025ರ ಅಕ್ಟೋಬರ್ ಸ್ಟೀಮ್ ಸರ್ವೇಲಿ ಲಿನಕ್ಸ್ ಮೊದಲನೇ ಸಲ 3 ಪರ್ಸೆಂಟ್ ದಾಟಿದೆ. ಅದು ಏರ್ತಾ ಹೋದ್ರೆ ಆ ಕಂಪನಿಗಳ ಲೆಕ್ಕಾಚಾರ ಬದಲಾಗಬಹುದು ಅನ್ನೋ ಆಸೆ ನಂದು.

ಅಳಿಯ ಈಗ ಓದೋದು ಬರೆಯೋದು, ಮಿಕ್ಕ ಗೇಮು, ಎಲ್ಲಾ ಮಿಂಟಲ್ಲೇ ಮಾಡ್ತಾನೆ. ಹೋದ ವಾರ ಫೋನ್ ಮಾಡಿ ಪ್ರೋಟಾನ್‌ಡಿಬಿಲಿ ತಾನೇ ಒಂದು ರಿಪೋರ್ಟ್ ಹಾಕಿದೀನಿ, ಕಾರ್ಡ್ ಹೆಸರು ಪ್ರೋಟಾನ್ ವರ್ಷನ್ ಸಮೇತ ಬರೆದಿದೀನಿ ಅಂದ. ಹಳೇ ವಿಂಡೋಸ್ ಇರೋ ಆ ಎಸ್‌ಎಸ್‌ಡಿ ಮಾತ್ರ ಇನ್ನೂ ಕ್ಯಾಬಿನೆಟ್ ಒಳಗೇ ಇದೆ. ರಾತ್ರಿ ಒಂಬತ್ತಕ್ಕೆ ಕಾಲೇಜ್ ಹುಡುಗ್ರೆಲ್ಲಾ ಸೇರಿ ಆಡೋ ಶೂಟಿಂಗ್ ಗೇಮು ಒಂದಿದೆ, ಅದು ಲಿನಕ್ಸಲ್ಲಿ ಬರಲ್ಲ, ಅದಕ್ಕೋಸ್ಕರ ರೀಸ್ಟಾರ್ಟ್ ಮಾಡಿ ಅಲ್ಲಿಗೆ ಹೋಗ್ತಾನೆ. "ತೆಗೆದುಬಿಡ್ಲಾ ಮಾಮ?" ಅಂತ ಕೇಳಿದ. ಬೇಡ ಇರ್ಲಿ ಬಿಡು ಅಂದೆ, ಅವನ ಫ್ರೆಂಡ್ಸ್ ಎಲ್ಲಾ ಇನ್ನೂ ಅಲ್ಲೇ ಇದಾರೆ.